ಅಮ್ಮನ ಆರೈಕೆ ಖರ್ಚು ಯಾರ ತಲೆ ಮೇಲೆ?

ಪ್ರಶ್ನೆ: ಮೇಡಂ, ಅಮ್ಮಂಗೆ 76 ವರ್ಷ, ಹೋದ ವರ್ಷ ಸ್ಟ್ರೋಕ್ ಆಗಿ ಬಲಗೈ ಬಲಗಾಲು ಸ್ವಾಧೀನ ಇಲ್ಲ. ಅಮ್ಮನ ಹೆಸರಲ್ಲಿರೋ ಮನೇಲೇ ನಾನು ಜೊತೆಗಿದ್ದು ನೋಡ್ಕೋತಿದೀನಿ. ಹಗಲು ಬರೋ ಹೋಮ್ ನರ್ಸ್‌ಗೆ 24 ಸಾವಿರ, ಡೈಪರ್ರು ಮಾತ್ರೆ ಫಿಸಿಯೋ ಅಂತ ಇನ್ನೊಂದು 11 ಸಾವಿರ. ಅಪ್ಪನ ಫ್ಯಾಮಿಲಿ ಪೆನ್ಷನ್ 19 ಸಾವಿರ ಬರುತ್ತೆ. ಮಹಡಿ ಮನೆ, ಅಣ್ಣ ಬಂದಾಗ ಬೇಕಾಗುತ್ತೆ ಅಂತ ಖಾಲಿ ಬಿಟ್ಟಿದೀವಿ. ಅಣ್ಣ ಈಗ "ಮನೆ ನನಗೆ ದಾನಪತ್ರ ಮಾಡ್ಸು, ಪೂರ್ತಿ ಖರ್ಚು ನಂದು, ಇಲ್ಲಾಂದ್ರೆ ಕೇರ್ ಹೋಮ್‌ಗೆ ಸೇರ್ಸು" ಅಂತಿದಾನೆ. ತಮ್ಮ ದುಬೈಲಿ, ಮಾತೇ ಆಡಲ್ಲ. ಆಯುಷ್ಮಾನ್ ಕಾರ್ಡಲ್ಲಿ ನರ್ಸ್ ಖರ್ಚು ಸಿಗುತ್ತಾ?
- ಓದುಗರು, ಶಿವಮೊಗ್ಗ

ಉತ್ತರ: ಸಿಗಲ್ಲಮ್ಮ. ಆಯುಷ್ಮಾನ್ ಏನಿದ್ರೂ ಆಸ್ಪತ್ರೇಲಿ ಅಡ್ಮಿಟ್ ಆದಾಗಿನ ಚಿಕಿತ್ಸೆಗೆ, ಮನೇಲಿರೋ ನರ್ಸ್ ಸಂಬಳಕ್ಕಲ್ಲ.

ದಾನಪತ್ರಕ್ಕೆ ಮಾತ್ರ ಅವಸರ ಮಾಡ್ಬೇಡಿ. ಬಲಗೈ ಎತ್ತಕ್ಕಾಗದ ಅಮ್ಮನ್ನ ವೀಲ್‌ಚೇರಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರ್ಕೊಂಡೋಗಿ ಎಡಗೈ ಹೆಬ್ಬೆಟ್ಟು ಒತ್ತಿಸೋದು ಒಂದು ಗಂಟೆ ಕೆಲಸ, ಅದನ್ನ ವಾಪಸ್ ತಗೊಳೋದಿದ್ಯಲ್ಲ ಅದು ವರ್ಷಗಟ್ಟಲೆ ಅಲೆದಾಟ. ಹಿರಿಯ ನಾಗರಿಕರ 2007ರ ಕಾಯ್ದೆ ಸೆಕ್ಷನ್ 23ರಲ್ಲಿ, ನೋಡ್ಕೊಳ್ಳದೆ ಕೈಬಿಟ್ರೆ ಅಂಥ ಪತ್ರ ರದ್ದು ಮಾಡ್ಸೋಕೆ ಅವಕಾಶ ಇದೆ, ಆದ್ರೆ "ನೋಡ್ಕೋಬೇಕು" ಅನ್ನೋ ಷರತ್ತು ಪತ್ರದಲ್ಲೇ ಬರೆದಿದ್ರೇ ಭದ್ರ, ಬಾಯಿಮಾತು ನಂಬ್ಕೊಂಡ್ರೆ ಕಷ್ಟ. ಅಮ್ಮಂಗೆ ಬುದ್ಧಿ ಚುರುಕಾಗಿದ್ರೆ ಅವರನ್ನೇ ಕೇಳಿ, ಮನೆ ಅವರದ್ದು ತಾನೇ.

ಈಗ ಲೆಕ್ಕ. ಖರ್ಚು 35, ಪೆನ್ಷನ್ 19, ತೂತು 16 ಸಾವಿರದ್ದು. ಮೊದ್ಲು ಮಹಡಿ ಬಾಡಿಗೆಗೆ ಕೊಡಿ, ಅಣ್ಣ ಬಂದಾಗ ಹಾಲಲ್ಲಿ ಚಾಪೆ ಹಾಸ್ಕೊಂಡ್ರೆ ಏನೂ ಸವೆಯಲ್ಲ. ಬಾಡಿಗೆ ಬಂದು ಉಳಿದಿದ್ದನ್ನ ಅಣ್ಣ ತಮ್ಮ ಇಬ್ರೂ ಅರ್ಧರ್ಧ ಹಾಕ್ಲಿ. ನೀವು ಯಾಕೆ ಹಾಕಲ್ಲ ಅಂತ ಕೇಳ್ತಾರೆ ನೋಡಿ. ರಾತ್ರಿ ಎರಡೆರಡು ಗಂಟೆಗೆ ಎದ್ದು ಬೆನ್ನು ಹುಣ್ಣಾಗದ ಹಾಗೆ ಮಗ್ಗಲು ತಿರುಗ್ಸೋದು, ಡೈಪರ್ ಬದಲಾಯಿಸೋದು ಯಾರು? ನೀವಿಲ್ಲ ಅಂದ್ರೆ ರಾತ್ರಿಗೆ ಇನ್ನೊಬ್ರನ್ನ ಇಡ್ಬೇಕಿತ್ತು, ಆ ಸಂಬಳವೇ ನಿಮ್ಮ ಪಾಲು, ಹಾಗಂತ ವಾಟ್ಸಾಪ್ ಗ್ರೂಪಲ್ಲಿ ನಾಚ್ಕೊಳ್ದೆ ಬರೀರಿ.

ಕೇರ್ ಹೋಮ್ ಕೆಟ್ಟದ್ದೇನಲ್ಲ, ನಿಮ್ಮ ಸೊಂಟ ಬಿದ್ಹೋದ್ರೆ ಬೇರೆ ದಾರಿ ಇರಲ್ಲ. ಆದ್ರೆ ತಿಂಗಳ ಫೀಸ್ ಒಂದನ್ನೇ ನೋಡ್ಬೇಡಿ. ನಮ್ಮ ಅತ್ತೇನ ಸೇರಿಸಿದ ಕಡೆ ಡೈಪರ್ ಬೇರೆ, ಫಿಸಿಯೋ ಬೇರೆ, ಆಸ್ಪತ್ರೇಲಿ ಹನ್ನೆರಡು ದಿನ ಇದ್ದಾಗ್ಲೂ ಬೆಡ್ ಬಾಡಿಗೆ ಓಡ್ತಾನೇ ಇತ್ತು, ಡೆಪಾಸಿಟ್ ವಾಪಸ್ ಬರೋಕೆ ಏಳು ತಿಂಗಳು. ಇದೆಲ್ಲಾ ಸೇರಿಸೋಕೆ ಮೊದ್ಲೇ ಬರವಣಿಗೇಲಿ ತಗೊಳ್ಳಿ.

ಅಣ್ಣ ತಮ್ಮ ಜಗ್ಗಲೇ ಇಲ್ಲ ಅಂದ್ರೆ ಎಸಿ (ಅಸಿಸ್ಟೆಂಟ್ ಕಮಿಷನರ್, ಅಂದ್ರೆ ಉಪವಿಭಾಗಾಧಿಕಾರಿ) ಆಫೀಸಲ್ಲಿ ಇದೇ ಕಾಯ್ದೆಯಡಿ ಅಮ್ಮನ ಹೆಸರಲ್ಲಿ ಅರ್ಜಿ ಹಾಕ್ಬಹುದು, ವಕೀಲರು ಬೇಕಿಲ್ಲ, ಜೀವನಾಂಶ ತಿಂಗಳಿಗೆ 10 ಸಾವಿರದವರೆಗೆ. ಕಾಯ್ದೇಲಿ ಮಕ್ಕಳು ಅಂದ್ರೆ ಮಗಳೂ ಸೇರ್ತಾಳೆ, ಅದು ಗೊತ್ತಿರ್ಲಿ. ಅದಕ್ಕೂ ಮುಂಚೆ 14567ಕ್ಕೆ ಒಂದ್ಸಲ ಫೋನ್ ಮಾಡಿ ಕೇಳಿ, ಹಿರಿಯರ ಸಹಾಯವಾಣಿ ಅದು, ಫ್ರೀ.