ಓದದೆ ದಾಟಿಸಿದ ಪುಟ

ಈ ಪ್ರಕರಣದಲ್ಲಿರುವ ತಪ್ಪು ತಿಳಿವಳಿಕೆಯನ್ನು ಒಂದು ಕಾಲದಲ್ಲಿ ನಾನೇ ಹಂಚುತ್ತಿದ್ದೆ; ಆ ಕಾರಣಕ್ಕೇ ಇದನ್ನು ಬರೆಯುತ್ತಿದ್ದೇನೆ. "ಭಯ ಎನ್ನಬೇಡಿ, ಉತ್ಸಾಹ ಎನ್ನಿ" ಎಂದು ನಿರ್ಧಾರದ ಹೊಸ್ತಿಲಲ್ಲಿ ನಿಂತವರಿಗೂ ಹೇಳಿ ಕಳಿಸಿದ್ದೇನೆ. ಗುರುತು ಸಿಗದಂತೆ ಇಲ್ಲಿನ ವಿವರಗಳನ್ನು ಬದಲಿಸಿದ್ದೇನೆ.

ಆಪ್ತ ಸಲಹೆಗಾಗಿ ನನ್ನ ಬಳಿ ಬಂದವರು ಮೂವತ್ತು ದಾಟಿದ ಮಹಿಳೆ. ನೌಕರಿ ಬಿಟ್ಟು ಹಳೆಯ ಗೆಳತಿಯ ವ್ಯವಹಾರದಲ್ಲಿ ಪಾಲುದಾರರಾಗುವವರಿದ್ದರು. ಕರಾರುಪತ್ರ ಕೈಸೇರಿ ಮೂರು ವಾರವಾಗಿತ್ತು. ಅದನ್ನು ತೆರೆದಾಗಲೆಲ್ಲ ಎದೆ ಹೊಡೆದುಕೊಳ್ಳುತ್ತಿತ್ತು, ಅಂಗೈ ಬೆವರುತ್ತಿತ್ತು. ಸಹಿ ಹಾಕಲೋ ಬೇಡವೋ ಎಂಬುದು ಅವರ ಪ್ರಶ್ನೆಯಾಗಿರಲಿಲ್ಲ. "ಇದು ಉತ್ಸಾಹ ಅಂತ ದಿನಾ ಕನ್ನಡಿ ಮುಂದೆ ಹೇಳ್ಕೊಳ್ತೀನಿ ಮೇಡಂ, ಆದ್ರೂ ಮೈ ಒಪ್ತಾ ಇಲ್ಲ. ಬೇರೆ ಏನಾದ್ರೂ ಉಪಾಯ ಇದೆಯಾ?" ಎಂದು ಕೇಳಿದರು.

ಮೈ ಒಪ್ಪದಿರುವುದರಲ್ಲಿ ಆಶ್ಚರ್ಯವಿಲ್ಲ. ಭಯಕ್ಕೂ ಉತ್ಸಾಹಕ್ಕೂ ದೇಹ ಬಹುಪಾಲು ಒಂದೇ ಸಿದ್ಧತೆಯನ್ನು ಮಾಡಿಕೊಳ್ಳುತ್ತದೆ: ಅಡ್ರಿನಲಿನ್ ಸ್ರವಿಸುತ್ತದೆ, ಎದೆಬಡಿತ ಏರುತ್ತದೆ, ಉಸಿರು ಚುರುಕಾಗುತ್ತದೆ. ಅದಕ್ಕೆ ಹೆಸರಿಡುವುದು ಮನಸ್ಸು, ಅದೂ ಹಲವು ಸಲ ತಪ್ಪಾಗಿ. 1974ರಲ್ಲಿ ಡಟನ್ ಮತ್ತು ಆರನ್ ಎಂಬ ಮನೋವಿಜ್ಞಾನಿಗಳು ಕೆನಡಾದಲ್ಲಿ ನಡೆಸಿದ ಅಧ್ಯಯನದಲ್ಲಿ, ಎತ್ತರದ ತೂಗುಸೇತುವೆಯ ಮೇಲೆ ಸಂದರ್ಶಕಿಯನ್ನು ಭೇಟಿಯಾದ ಗಂಡಸರು, ಗಟ್ಟಿ ಸೇತುವೆಯ ಮೇಲೆ ಭೇಟಿಯಾದವರಿಗಿಂತ ಹೆಚ್ಚಿನ ಸಂಖ್ಯೆಯಲ್ಲಿ ಆಮೇಲೆ ಆಕೆಗೆ ಫೋನ್ ಮಾಡಿದರು. ಸೇತುವೆ ಹುಟ್ಟಿಸಿದ ನಡುಕವನ್ನು ಅವರು ಆಕರ್ಷಣೆಯೆಂದು ಓದಿಕೊಂಡಿರಬೇಕು ಎಂಬುದು ಸಂಶೋಧಕರ ವಿವರಣೆ. ಇನ್ನು ಆ ಕನ್ನಡಿಯ ಮಾತಿಗೂ ಆಧಾರವಿದೆ. ಸಂಶೋಧಕಿ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ತಮಗೆ ಉತ್ಸಾಹವಾಗುತ್ತಿದೆ ಎಂದು ಹೇಳಿಕೊಂಡವರು ಹಾಡುವುದರಲ್ಲೂ ಭಾಷಣದಲ್ಲೂ ಉತ್ತಮವಾಗಿ ನಿರ್ವಹಿಸಿದರು. ಆದರೆ ಅಲ್ಲಿ ಹಾಡಬೇಕೋ ಬೇಡವೋ ಎಂಬ ಪ್ರಶ್ನೆಯೇ ಇರಲಿಲ್ಲ ಎಂಬುದನ್ನು ನಾವು ಸಲಹೆಗಾರರು ಸುಲಭವಾಗಿ ಮರೆಯುತ್ತೇವೆ. ಮಾಡಲೇಬೇಕೆಂದು ಗೊತ್ತಾದ ಕೆಲಸಕ್ಕೆ ಹೊಂದುವ ಮಾತನ್ನು, ಮಾಡಬೇಕೇ ಎಂದು ತೂಗುತ್ತಿರುವವರ ಕೈಗೆ ಕೊಟ್ಟರೆ ಅದು ಎಚ್ಚರಿಕೆಯ ಗಂಟೆಗೆ ಬಟ್ಟೆ ಸುತ್ತಿದಂತೆ.

ಎರಡನೆಯ ಭೇಟಿಯಲ್ಲಿ, ಕರಾರುಪತ್ರವನ್ನು ನನ್ನೆದುರೇ ಮೊಬೈಲಿನಲ್ಲಿ ತೆರೆದು, ಪುಟ ಸರಿಸುತ್ತ ಮೈಯಲ್ಲಿ ಏನಾಗುತ್ತಿದೆಯೆಂದು ಹೇಳಿ ಎಂದೆ. ಕೆಲಸದ ಹಂಚಿಕೆಯ ಪುಟ ಬಂದಾಗ ಅವರು ಕುರ್ಚಿಯ ಅಂಚಿಗೆ ಬಂದು ಕುಳಿತರು. ಮೊದಲ ತಿಂಗಳು ಏನು ಮಾಡುವುದು, ಯಾರನ್ನು ಸೇರಿಸಿಕೊಳ್ಳುವುದು ಎಂದು ನಾನು ಕೇಳದೆಯೇ ವಿವರಿಸತೊಡಗಿದರು. ಎದೆ ಜೋರಾಗಿ ಹೊಡೆದುಕೊಳ್ಳುತ್ತಿದೆ ಎಂದು ನಗುತ್ತಲೇ ಹೇಳಿದರು. ಐದನೆಯ ಪುಟ ಬಂದಾಗ ಮಾತು ನಿಂತಿತು, ಹೆಬ್ಬೆರಳು ಸರ್ರನೆ ಎರಡು ಸಲ ಆಡಿತು, ಏಳನೆಯ ಪುಟ ಬಂದಿತು.

"ನಡುವೆ ಏನಿತ್ತು?" ಎಂದೆ.

"ಸಾಲದ್ದು. ಅದೆಲ್ಲ ಮಾಮೂಲಿ ಅಂದಿದ್ದಾಳೆ."

ಹಿಂದಕ್ಕೆ ಸರಿಸಿ ಗಟ್ಟಿಯಾಗಿ ಓದಲು ಹೇಳಿದೆ. ಸಾಲ ತೀರದಿದ್ದಲ್ಲಿ ಇಡೀ ಮೊತ್ತಕ್ಕೆ ತಾವು ವೈಯಕ್ತಿಕವಾಗಿ ಜಾಮೀನು ಎಂಬ ಸಾಲಿನ ನಡುವೆ ಅವರ ದನಿ ನಿಂತಿತು. ಜಾಮೀನಿನ ಭಯವೆಂದು ನಾನು ಬರೆದುಕೊಳ್ಳುವಷ್ಟರಲ್ಲಿ ಅವರೇ ನನ್ನನ್ನು ತಿದ್ದಿದರು: "ದುಡ್ಡಿನ ಭಯ ಆಮೇಲಿನದು ಮೇಡಂ. ಇದನ್ನ ಅವಳ ಹತ್ರ ಕೇಳೋಕೇ ನನಗೆ ಭಯ."

ಅಂದರೆ ಉತ್ಸಾಹವೂ ನಿಜ, ಭಯವೂ ನಿಜ. ಒಂದು ಕೆಲಸದ ಕುರಿತಾದದ್ದು, ಇನ್ನೊಂದು ಗೆಳತಿಯ ಮುನಿಸಿನ ಕುರಿತಾದದ್ದು. ಇದು ಯಾವುದು ಎಂದು ಎದೆಬಡಿತವನ್ನು ಕೇಳಿದರೆ ಉತ್ತರ ಸಿಗುವುದಿಲ್ಲ, ಯಾವುದರ ಕುರಿತು ಎಂದು ಕೇಳಬೇಕು. ಉತ್ಸಾಹ ವಿವರಗಳನ್ನು ಹುಡುಕಿಕೊಂಡು ಹೋಗುತ್ತದೆ. ಭಯ ಹೆಚ್ಚಾಗಿ ವಿವರವನ್ನು ದಾಟಿಸುತ್ತದೆ, ಬೇಗ ಮುಗಿದುಹೋದರೆ ಸಾಕೆಂದು ಅವಸರಪಡಿಸುತ್ತದೆ. ಈ ಅವಸರವನ್ನೇ ಧೈರ್ಯವೆಂದು ತಿಳಿದು ಸಹಿ ಹಾಕಿದವರನ್ನು ನಾನು ಕಂಡಿದ್ದೇನೆ. ಕಾರಣವೇ ಇಲ್ಲದೆ ಮೇಲಿಂದ ಮೇಲೆ ದಿಗಿಲು ಅಪ್ಪಳಿಸುವವರಿಗೆ ಮಾತ್ರ ಈ ಲೆಕ್ಕ ಸಾಲದು. ಅವರು ಮೊದಲು ವೈದ್ಯರನ್ನು ಕಾಣಬೇಕು.

ಐದು ಮತ್ತು ಆರನೆಯ ಪುಟಗಳನ್ನು ವ್ಯವಹಾರ ಬಲ್ಲ ವಕೀಲರಿಗೆ ತೋರಿಸಿ, ಗೆಳತಿಯೊಡನೆ ಆ ಎರಡು ಪುಟಗಳನ್ನಷ್ಟೇ ಮಾತಾಡಿ, ಅಲ್ಲಿಯವರೆಗೆ ಉತ್ಸಾಹದ ಜಪ ನಿಲ್ಲಿಸಿ ಎಂದು ಸಲಹೆ ಕೊಟ್ಟೆ. ಸಲಹೆಗಾರರು ಇಷ್ಟು ನೇರವಾಗಿ ಹೇಳಬಾರದೆಂದು ನನ್ನ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಸಹಿ ಹಾಕಿ ಎಂದಾಗಲಿ ಬೇಡವೆಂದಾಗಲಿ ನಾನು ಹೇಳಲಿಲ್ಲ. ಓದದ ಪುಟವನ್ನು ಓದಿ ಎನ್ನುವುದಕ್ಕೆ ಯಾವ ಶಾಸ್ತ್ರದ ಅಪ್ಪಣೆ ಬೇಕೋ ನನಗೆ ತಿಳಿಯದು.

ಗೆಳತಿ ನಾಲ್ಕು ದಿನ ಮಾತು ಬಿಟ್ಟರಂತೆ. ಐದನೆಯ ದಿನ ಅವರೇ ಫೋನ್ ಮಾಡಿ, ಆ ಷರತ್ತು ತಮಗೂ ಸರಿಯಾಗಿ ಅರ್ಥವಾಗಿರಲಿಲ್ಲ ಎಂದರಂತೆ. ಜಾಮೀನಿಗೆ ಮಿತಿ ಹಾಕಿದ ಹೊಸ ಪತ್ರ ಸಿದ್ಧವಾಯಿತು. ಸಹಿಯ ಹಿಂದಿನ ದಿನ ಆ ಮಹಿಳೆ ಮತ್ತೆ ನನ್ನಲ್ಲಿಗೆ ಬಂದು, ಎಲ್ಲವನ್ನೂ ಓದಿಯೂ ಎದೆ ಹಾಗೆಯೇ ಹೊಡೆದುಕೊಳ್ಳುತ್ತಿದೆ ಎಂದರು. ನಾಳೆ ಬೆಳಗ್ಗೆ ಕನ್ನಡಿಯ ಮುಂದೆ ನಿಂತು ಆ ಹಳೆಯ ಮಾತನ್ನು ಹೇಳಿಕೊಳ್ಳಿ ಎಂದು ಹೇಳಿ ಕಳಿಸಿದೆ.