ಇಲಿಗಳನ್ನು ಹೊರಗೆ ಬಿಡುವ ಮೊದಲು ಕೋಣೆಯಲ್ಲಿ ಏನೇನು ನೋಡಬೇಕು

ನೀವು ಕೇಳಿದ್ದು ಎರಡು ವಿಷಯ. ಸಾಕಲು ಹೊಸದಾಗಿ ತಂದ ಎರಡು ಹೆಣ್ಣು ಇಲಿಗಳನ್ನು ಮನೆಯೊಳಗೆ ಎಲ್ಲಿ ಆಡಲು ಬಿಡುವುದು, ಮತ್ತು ಪ್ಲಾಸ್ಟಿಕ್ ಚೆಂಡಿನೊಳಗೆ ಹಾಕಿ ಉರುಳಾಡಿಸಿದರೆ ಸಾಕಾ ಅಂತ. ಮೊದಲ ಸಲ ಬಿಟ್ಟಾಗ ಒಂದು ಇಲಿ ಬೀರುವಿನ ಹಿಂದೆ ಸೇರಿಕೊಂಡು ಬರಲೇ ಇಲ್ಲ, ಕೊನೆಗೆ ಕೋಲು ಹಾಕಿ ಓಡಿಸಿ ಹಿಡಿದೆವು ಅಂತಲೂ ಬರೆದಿದ್ದೀರಿ.

ಚೆಂಡಿನ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಬೇಡ. ಇಲಿಯ ಕಣ್ಣು ಅಷ್ಟು ಚುರುಕಲ್ಲ. ಮೂಗು ಮತ್ತು ಮೀಸೆಯಿಂದಲೇ ಅದು ಜಾಗ ತಿಳಿದುಕೊಳ್ಳುವುದು. ಚೆಂಡಿನೊಳಗೆ ಅವೆರಡೂ ಕೆಲಸಕ್ಕೆ ಬರುವುದಿಲ್ಲ. ಗಾಳಿ ಕಡಿಮೆ, ಸಾಕೆನಿಸಿದಾಗ ಹೊರಗೆ ಬರಲು ಆಗುವುದಿಲ್ಲ, ತೂತುಗಳಲ್ಲಿ ಬೆರಳೋ ಬಾಲವೋ ಸಿಕ್ಕಿಕೊಳ್ಳಬಹುದು.

ಇನ್ನು ಜಾಗ. ನನ್ನ ಪ್ರಕಾರ ಒಳ್ಳೆಯ ಆಟದ ಜಾಗ ಅಂದರೆ ಇಲಿಯನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುವ ಪ್ರಸಂಗವೇ ಬರದ ಜಾಗ. ಒಂದು ಸಲ ಕೋಲು ಹಾಕಿ ಓಡಿಸಿದರೆ, ಅಷ್ಟು ದಿನ ತಾಳ್ಮೆಯಿಂದ ಪಳಗಿಸಿದ್ದೆಲ್ಲ ನೀರುಪಾಲು. ಆಮೇಲೆ ನಿಮ್ಮ ಕೈ ಕಂಡರೇ ಅದು ಓಡುತ್ತದೆ. ಆದ್ದರಿಂದ ಸದ್ಯಕ್ಕೆ ಇಡೀ ಕೋಣೆ ಬಿಡಬೇಡಿ. ಚಿಕ್ಕ ಜಾಗದಿಂದ ಶುರು ಮಾಡಿ, ಅವು ಹೊಂದಿಕೊಂಡ ಹಾಗೆ ಹೆಚ್ಚಿಸುತ್ತಾ ಹೋಗಿ.

ಚಿಕ್ಕ ಜಾಗಕ್ಕೆ ಸುಲಭವಾದ್ದು ಬಚ್ಚಲುಮನೆ. ಕಮೋಡ್ ಮುಚ್ಚಳ ಹಾಕಿ, ನೀರು ಹೋಗುವ ತೂತಿನ ಜಾಲರಿ ಭದ್ರವಾಗಿದೆಯಾ ನೋಡಿ, ಬಕೆಟ್ ಖಾಲಿ ಮಾಡಿ. ಇಲಿಗೆ ಈಜು ಬರುತ್ತದೆ ನಿಜ, ಆದರೆ ನುಣುಪಾದ ಬಕೆಟ್‌ನಿಂದ ಹತ್ತಿ ಬರಲು ಆಗುವುದಿಲ್ಲ. ಫಿನೈಲ್, ಆಸಿಡ್, ಸೋಪಿನ ಪುಡಿ ಎಲ್ಲ ಹೊರಗೆ. ನೆಲ ಬರೀ ನೀರಲ್ಲಿ ತೊಳೆದು, ಒಣಗಿಸಿ, ಹಳೆ ಬೆಡ್‌ಶೀಟ್ ಹಾಸಿ. ಬಚ್ಚಲು ಬೇಡ ಅಂದರೆ ನುಣುಪಾದ ಪ್ಲಾಸ್ಟಿಕ್ ಶೀಟುಗಳನ್ನು ಸುತ್ತ ನಿಲ್ಲಿಸಿ ಟೇಪ್ ಹಾಕಿ ಒಂದು ಅಂಗಳ ಮಾಡಿಕೊಳ್ಳಬಹುದು. ಎತ್ತರ 90 ಸೆಂಟಿಮೀಟರ್ ಆದರೂ ಇರಲಿ, ಚಿಕ್ಕ ವಯಸ್ಸಿನ ಹೆಣ್ಣು ಇಲಿಗಳು ಚೆನ್ನಾಗಿಯೇ ನೆಗೆಯುತ್ತವೆ. ತಂತಿ ಜಾಲರಿ ಮಾತ್ರ ಬೇಡ, ಅದು ಅವಕ್ಕೆ ಏಣಿ ಇದ್ದ ಹಾಗೆ. ಶೀಟಿನ ಪಕ್ಕದಲ್ಲಿ ಡಬ್ಬಿಗಿಬ್ಬಿ ಇಟ್ಟರೂ ಹತ್ತಿ ಆಚೆ ಹೋಗಿಬಿಡುತ್ತವೆ.

ಕೋಣೆಯೇ ಬೇಕು ಅಂದರೆ ಮೊದಲು ಟಾರ್ಚ್ ಹಿಡಿದು ನೆಲದ ಮೇಲೆ ಬೋರಲು ಮಲಗಿ ನೋಡಿ. ನಿಂತು ನೋಡಿದಾಗ ಕಾಣದ ಸಂದಿಗಳು ಆಗ ಕಾಣುತ್ತವೆ. ಇಲಿಯ ತಲೆ ತೂರಿದರೆ ಮೈಯೂ ತೂರಿತು ಅಂತಲೇ ಲೆಕ್ಕ. ನಿಮ್ಮ ಹೆಬ್ಬೆರಳು ತೂರುವ ಯಾವ ಸಂದಿಯನ್ನೂ ಬಿಡಬೇಡಿ, ನಿಮ್ಮವು ಇನ್ನೂ ಮರಿಗಳಾದರೆ ಕಿರುಬೆರಳಿನ ಅಳತೆ ಇಟ್ಟುಕೊಳ್ಳಿ. ಬಾಗಿಲ ಕೆಳಗೆ ಬಟ್ಟೆ ತುರುಕಿದರೆ ಸಾಲದು, ಅದನ್ನು ಎಳೆದು ಹಾಕುತ್ತವೆ. ಮರದ ಪಟ್ಟಿ ಹೊಡೆಸಿ, ಇಲ್ಲವೇ ಭಾರದ ಹಲಗೆ ಅಡ್ಡ ಇಡಿ. ಬೀರುವಿನ ಹಿಂದೆ, ಕೆಳಗೆ ಎರಡೂ ಕಡೆ ಹಾಗೇ ಮುಚ್ಚಿ. ಸೋಫಾವನ್ನು ಒಮ್ಮೆ ಮಗುಚಿ ನೋಡಿ. ಅಡಿಯ ಬಟ್ಟೆ ಹರಿದಿದ್ದರೆ ಅದೇ ದಾರಿಯಲ್ಲಿ ಒಳಗೆ ಹೋಗಿ ಗೂಡು ಮಾಡಿಕೊಳ್ಳುತ್ತವೆ, ಮೇಲೆ ಯಾರಾದರೂ ಕೂತರೆ ಕಥೆ ಮುಗಿಯಿತು. ಒರಗಿದರೆ ಹಿಂದೆ ಸರಿಯುವ ಕುರ್ಚಿ, ಮಡಚುವ ಮಂಚ ಇರುವ ಕೋಣೆಯನ್ನಂತೂ ಲೆಕ್ಕಕ್ಕೇ ತಗೋಬೇಡಿ.

ವಯರ್ ವಿಷಯದಲ್ಲಿ ಸ್ವಲ್ಪವೂ ರಾಜಿ ಬೇಡ. ಇಲಿಯ ಮುಂದಿನ ಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ, ವರ್ಷಕ್ಕೆ ಸುಮಾರು 10 ಸೆಂಟಿಮೀಟರ್‌ಗಿಂತ ಜಾಸ್ತಿ. ಕಡಿಯುವುದು ಅದರ ಹುಟ್ಟುಗುಣ, ಗದರಿಸಿ ಬಿಡಿಸಲು ಆಗುವುದಿಲ್ಲ. ಪ್ಲಗ್ ಕಿತ್ತು ವಯರ್ ಮೇಲೆ ಎತ್ತಿಡಿ, ಎತ್ತಲಾಗದ್ದನ್ನು ಗಟ್ಟಿ ಪೈಪಿನೊಳಗೆ ಹಾಕಿ. ಪರದೆ ಹತ್ತುತ್ತವೆ, ಹಾಗಾಗಿ ಫ್ಯಾನ್ ಆಫ್ ಇರಲಿ, ಕಿಟಕಿ ಮುಚ್ಚಿರಲಿ. ಕುಂಡದ ಗಿಡಗಳನ್ನೂ ಆಚೆ ಇಡಿ, ಎಷ್ಟೋ ಅಲಂಕಾರದ ಗಿಡಗಳು ಅವಕ್ಕೆ ವಿಷ.

ಇದನ್ನು ಮಾತ್ರ ದಯವಿಟ್ಟು ಮರೆಯಬೇಡಿ. ಆ ಕೋಣೆಯಲ್ಲಿ ಹಿಂದೆ ಯಾವಾಗಲಾದರೂ ಇಲಿ ಪಾಷಾಣ ಅಥವಾ ಅಂಟಿನ ಹಲಗೆ ಇಟ್ಟಿದ್ದಿರಾ ಅಂತ ಮನೆಯವರನ್ನೆಲ್ಲ ಕೇಳಿ, ಮೂಲೆಮೂಲೆ ಹುಡುಕಿ. ಇಲಿಗೆ ವಾಂತಿ ಮಾಡಲು ಬರುವುದಿಲ್ಲ, ತಿಂದ ವಿಷ ಹೊರಗೆ ಬರುವ ದಾರಿಯೇ ಇಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಪಾಷಾಣವಾದರೆ ತಿಂದು ಕೆಲವು ದಿನ ಏನೂ ಗೊತ್ತೇ ಆಗುವುದಿಲ್ಲ. ತಿಂದಿದೆ ಅನ್ನುವ ಅನುಮಾನ ಬಂದರೂ ಸಾಕು, ಲಕ್ಷಣಕ್ಕೆ ಕಾಯದೆ ಪಶುವೈದ್ಯರ ಹತ್ತಿರ ಓಡಿ. ಹೊರಗಿನ ಇಲಿಗಳು ಓಡಾಡುವ ಜಾಗವೂ ಬೇಡ, ಅವುಗಳ ಉಚ್ಚೆಯಿಂದ ಇಲಿಜ್ವರ ಬರುತ್ತದೆ, ನಿಮಗೂ ಅಪಾಯ. ನಾಯಿ, ಬೆಕ್ಕು ಎಷ್ಟೇ ಸಾಧು ಇರಲಿ, ಬಾಗಿಲ ಆಚೆಯೇ ಇರಬೇಕು.

ಜಾಗ ಭದ್ರವಾಯಿತು ಅಂತ ಖಾಲಿ ನೆಲದ ಮೇಲೆ ಸುಮ್ನೆ ಬಿಟ್ಟರೆ ಅವು ಆಡುವುದಿಲ್ಲ. ಬಯಲು ಅಂದರೆ ಅವಕ್ಕೆ ಭಯ, ಗೋಡೆ ಹಿಡಿದುಕೊಂಡೇ ಓಡಾಡುತ್ತವೆ. ನಾಲ್ಕೈದು ರಟ್ಟಿನ ಡಬ್ಬಿ ಅಲ್ಲಲ್ಲಿ ಇಡಿ, ಪ್ರತಿಯೊಂದಕ್ಕೂ ಎರಡು ಬಾಗಿಲು ಕತ್ತರಿಸಿ. ಒಂದೇ ಬಾಗಿಲಾದರೆ ಒಂದು ಇಲಿ ಇನ್ನೊಂದನ್ನು ಒಳಗೇ ಅಡ್ಡಗಟ್ಟುತ್ತದೆ. ಡಬ್ಬಿಗೆ ತಳ ಬೇಡ, ಎತ್ತಿದರೆ ಇಲಿ ಸಿಗುವ ಹಾಗಿರಲಿ. ಅಗಲವಾದ ತಟ್ಟೆಯಲ್ಲಿ ಒಂದು ಬೆರಳು ನೀರು ಹಾಕಿ ಬಟಾಣಿ ಬಿಡಿ, ಇಲಿಗಳು ಮೊದಲು ಮುಂಗಾಲು ಅದ್ದಿ ಅದ್ದಿ ನೋಡುತ್ತವೆ, ಆಮೇಲೆ ಮೂತಿ ಮುಳುಗಿಸಿ ಹೆಕ್ಕುತ್ತವೆ. ಗೊಬ್ಬರ ಹಾಕದ ತೆಂಗಿನ ನಾರಿನ ಪುಡಿ ಒಂದು ಟ್ರೇ ತುಂಬ ಇಟ್ಟರೆ ಅಗೆಯುವುದಕ್ಕೆ ಬಲು ಖುಷಿ. ಹಾಸುವ ಬಟ್ಟೆಯಲ್ಲಿ ಎಳೆ ಬಿಟ್ಟಿರಬಾರದು, ಕಾಲ್ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡುವುದು ನಿಂತುಹೋಗುತ್ತದೆ. ಮೂಲೆಯಲ್ಲಿ ಒಂದು ತಟ್ಟೆ ಇಟ್ಟರೆ ಹಿಕ್ಕೆ ಹೆಚ್ಚಾಗಿ ಅಲ್ಲೇ ಬೀಳುತ್ತದೆ. ಉಚ್ಚೆ ಮಾತ್ರ ಹನಿಹನಿ ಎಲ್ಲ ಕಡೆ, ಅದು ಅವುಗಳ ಗುರುತು ಹಾಕುವ ರೀತಿ. ಒರೆಸಿಕೊಳ್ಳಿ, ಆದರೆ ಸುವಾಸನೆಯ ಸ್ಪ್ರೇ ಬೇಡ. ಇಲಿಗಳ ಶ್ವಾಸಕೋಶ ಬಹಳ ಸೂಕ್ಷ್ಮ, ಹೊಗೆ, ಧೂಳು, ಗಾಢ ವಾಸನೆ ಯಾವುದೂ ಆಗುವುದಿಲ್ಲ. ನಮ್ಮ ಹಾಗೆ ಬೆವರೂ ಬರುವುದಿಲ್ಲ, ಹೆಚ್ಚಾಗಿ ಬಾಲದಿಂದಲೇ ಮೈಯ ಬಿಸಿ ಹೊರಹಾಕಬೇಕು, ಹಾಗಾಗಿ 30 ಡಿಗ್ರಿ ದಾಟಿದ ಕೋಣೆಯಲ್ಲಿ ಆಟ ಬೇಡ.

ಬಿಡುವ ಹೊತ್ತು ಸಂಜೆಯ ಮೇಲೆ, ಅವು ಎದ್ದಿರುವುದೇ ಆಗ. ಕೈಯಲ್ಲಿ ಎತ್ತಿ ತಂದು ಬಿಡುವ ಬದಲು ಗೂಡನ್ನೇ ಆ ಜಾಗಕ್ಕೆ ತಂದು ಬಾಗಿಲು ತೆರೆದು ನೀವು ನೆಲದ ಮೇಲೆ ಕೂತುಬಿಡಿ. ಮೊದಲು ಅರ್ಧ ಮೈ ಮಾತ್ರ ಹೊರಗೆ ಬರುತ್ತದೆ, ಹಿಂಗಾಲು ಗೂಡಿನ ಅಂಚು ಬಿಟ್ಟಿರುವುದಿಲ್ಲ, ಮೈ ಉದ್ದಕ್ಕೆ ಚಾಚಿರುತ್ತದೆ, ಮೀಸೆ ಪಟಪಟ ಅಲ್ಲಾಡುತ್ತಿರುತ್ತದೆ. ಒಂದು ಸಣ್ಣ ಸದ್ದಾದರೆ ಸರಕ್ಕನೆ ಒಳಗೆ. ಮತ್ತೆ ಬರುತ್ತದೆ, ಮತ್ತೆ ಹೋಗುತ್ತದೆ. ಇದರಲ್ಲಿ ನೀವು ಕೈ ಹಾಕಬೇಡಿ. ವಾಪಸ್ ಹೋಗುವ ದಾರಿ ತೆರೆದಿದೆ ಅಂತ ಗೊತ್ತಾದ ಮೇಲೆ ತಾವೇ ದೂರ ಬರುತ್ತವೆ, ನಿಮ್ಮ ತೊಡೆ ಹತ್ತಿ ತೋಳಿನೊಳಗೂ ನುಗ್ಗುತ್ತವೆ. ಹಲ್ಲು ಕಟಕಟ ಉಜ್ಜುತ್ತಾ ಕಣ್ಣುಗುಡ್ಡೆ ಅದುರಿಸಿದರೆ ಹೆದರಬೇಡಿ, ಆರಾಮವಾಗಿ ಕೂತಾಗ ಹಾಗೆ ಮಾಡುವುದು ಸಹಜ. ದಿನಾ ಒಂದು ಗಂಟೆಯಾದರೂ ಬಿಡಿ, ನೀವು ಪೂರ್ತಿ ಹೊತ್ತು ಅಲ್ಲೇ ಇರಬೇಕು. ನಡೆಯುವಾಗ ಕಾಲು ಎತ್ತಿ ಇಡಬೇಡಿ, ನೆಲಕ್ಕೆ ಉಜ್ಜಿಕೊಂಡೇ ಸರಿಯಿರಿ.

ವಾಪಸ್ ಕರೆಯುವುದನ್ನು ಈಗಿನಿಂದಲೇ ಕಲಿಸಿ. ಗೂಡಿನಲ್ಲಿ ತಿನ್ನಲು ಕೊಡುವಾಗಲೆಲ್ಲ ಡಬ್ಬಿ ಅಲ್ಲಾಡಿಸಿ ಒಂದೇ ಸದ್ದು ಮಾಡಿ. ಕೆಲವೇ ದಿನಗಳಲ್ಲಿ ಸದ್ದು ಕೇಳಿದರೆ ಓಡಿ ಬರುತ್ತವೆ. ಆಟ ಮುಗಿಯುವ ಹೊತ್ತಿಗೆ ಹೊಟ್ಟೆ ಸ್ವಲ್ಪ ಹಸಿದಿರಲಿ, ಊಟ ಗೂಡಿನೊಳಗೇ ಕೊಡಿ.

ಇಷ್ಟಾದರೂ ಎಲ್ಲೋ ಸೇರಿಕೊಂಡರೆ ಕೋಲು ಬೇಡ, ಬಾಲ ಹಿಡಿದು ಎಳೆಯುವುದಂತೂ ಬೇಡವೇ ಬೇಡ, ಬಾಲದ ಚರ್ಮ ಸುಲಿದು ಬರುತ್ತದೆ. ಜೊತೆಗಾತಿಯನ್ನು ಗೂಡಿಗೆ ಹಾಕಿ, ಅದನ್ನು ಅಡಗಿದ ಜಾಗದ ಹತ್ತಿರ ಇಟ್ಟು ಊಟ ಹಾಕಿ, ದೀಪ ಆರಿಸಿ ಸುಮ್ಮನೆ ಕೂತುಕೊಳ್ಳಿ.

ನಾಳೆ ನೆಲದ ಮಟ್ಟದಿಂದ ಕೋಣೆಯ ನಾಲ್ಕೂ ಮೂಲೆಯ ಫೋಟೋ ತೆಗೆದು ಇಲ್ಲೇ ಹಾಕಿ, ಎಲ್ಲೆಲ್ಲಿ ಮುಚ್ಚಬೇಕು ಅಂತ ನೋಡಿ ಹೇಳುತ್ತೇನೆ.