ಜೂಜಿನ ಕಾಸು, ಮನೆ ಕಂದಾಯದ ರಸೀದಿ

ಕೊಡಗಿನಿಂದ ಬಂದ ಪತ್ರಗಳಲ್ಲಿ ಐದು ಹೆಚ್ಚುಕಡಿಮೆ ಒಂದೇ ವಿಷಯ ಕೆದಕಿವೆ. ಹಾಗಾಗಿ ಈ ಬಾರಿಯ ಅಂಕಣವನ್ನು ಅವಕ್ಕೇ ಬಿಟ್ಟಿದ್ದೇವೆ.

ಪ್ರಶ್ನೆ: ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ಮಗಳು ಹೇಳಿದಳು, ಅಲ್ಲಿ ಜೂಜಿನ ಯಂತ್ರಗಳಿಂದ ಬರುವ ದುಡ್ಡಿನಲ್ಲಿ ಮನೆ ತೆರಿಗೆ ಇಳಿಸುತ್ತಾರಂತೆ. ನಿಜವೇ? ಶನಿವಾರ ಬಂತೆಂದರೆ ರಾಜಾಸೀಟಿನ ಹತ್ತಿರ ಕಾಲಿಡಲು ಜಾಗ ಇರುವುದಿಲ್ಲ. ಅಷ್ಟು ಜನ ಬರುವ ನಮ್ಮೂರಲ್ಲೂ ಒಂದು ಕ್ಯಾಸಿನೊಗೆ ಅನುಮತಿ ಕೊಟ್ಟು ನಗರಸಭೆ ಕಂದಾಯ ಇಳಿಸಬಾರದೇಕೆ? – ಓದುಗರು, ಮಡಿಕೇರಿ

ಮಗಳು ಹೇಳಿದ್ದು ನಿಜ. ಪೆನ್ಸಿಲ್ವೇನಿಯಾ 2004ರಲ್ಲಿ ಸ್ಲಾಟ್ ಎಂಬ ಜೂಜಿನ ಯಂತ್ರಗಳಿಗೆ ಅನುಮತಿ ಕೊಟ್ಟಿತು. ಆ ದುಡ್ಡನ್ನು ಮನೆಗಳಿಗೆ ಹೇಗೆ ತಲುಪಿಸಬೇಕು ಎನ್ನುವ ಕಾನೂನು 2006ರಲ್ಲಿ ಬಂತು. ಯಂತ್ರಕ್ಕೆ ಬಿದ್ದ ಹಣದಲ್ಲಿ ಗೆದ್ದವರಿಗೆ ಕೊಟ್ಟು ಉಳಿದದ್ದರ ಶೇ 34 ಭಾಗ ತೆರಿಗೆ ಇಳಿಸುವ ನಿಧಿಗೆ ಹೋಗುತ್ತದೆ. ಅಲ್ಲಿ ಮನೆ ತೆರಿಗೆಯ ದೊಡ್ಡ ಪಾಲು ಶಾಲೆಗಳಿಗೆ ಸಲ್ಲುವಂಥದ್ದು. ಹಾಗಾಗಿ ನಿಧಿಯ ಹಣವೂ ಶಾಲಾ ಜಿಲ್ಲೆಗಳಿಗೇ, ಅಂದರೆ ಆಯಾ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಗಳಿಗೇ, ಹಂಚಿಕೆಯಾಗುತ್ತದೆ. ಯಾವ ಜಿಲ್ಲೆಗೆ ಎಷ್ಟು ಎಂಬುದನ್ನು ರಾಜ್ಯ ಮೇ 1ರೊಳಗೆ ತಿಳಿಸುತ್ತದೆ, ಜುಲೈ ಬಿಲ್ಲಿನಲ್ಲಿ ಆ ಮೊತ್ತ ಕಳೆದು ಬರುತ್ತದೆ.

ಒಳಗಿನ ಲೆಕ್ಕ ಸರಳ. ಒಂದು ಶಾಲಾ ಜಿಲ್ಲೆಗೆ 10 ಲಕ್ಷ ಡಾಲರ್ ಬಂತು, ಅಲ್ಲಿ ಅರ್ಹ ಮನೆಗಳು 5,000 ಇವೆ ಎಂದುಕೊಳ್ಳಿ. ಮನೆಗೆ 200 ಡಾಲರ್. ಬಂಗಲೆಗೂ ಅಷ್ಟೇ, ಎರಡು ಕೋಣೆಯ ಮನೆಗೂ ಅಷ್ಟೇ. ಸಣ್ಣ ಮನೆಯವರ ಬಿಲ್ಲು ಸಣ್ಣದಾದ್ದರಿಂದ ಪ್ರಮಾಣದಲ್ಲಿ ಅವರಿಗೇ ಹೆಚ್ಚು ಉಳಿಯುತ್ತದೆ. ಈ ಏರ್ಪಾಟಿನಲ್ಲಿ ನಮಗೆ ಒಪ್ಪಿಗೆಯಾಗುವ ಅಂಶ ಇದೊಂದು.

ಎಡವಟ್ಟಾಗುವುದು ಅರ್ಜಿಯಲ್ಲಿ. ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಮೌಲ್ಯಮಾಪನ ಕಚೇರಿಗೆ ಮಾರ್ಚ್ 1ರೊಳಗೆ ಅರ್ಜಿ ಹಾಕದ ಮನೆಗೆ ಆ ವರ್ಷ ಚಿಕ್ಕಾಸೂ ಇಲ್ಲ. ಮಾಲೀಕರು ತಾವೇ ಕಾಯಂ ವಾಸವಿರುವ ಮನೆಗೆ ಮಾತ್ರ ಈ ಸವಲತ್ತು. ಬಾಡಿಗೆ ಮನೆಗೂ ರಜೆಗೆಂದು ಕಟ್ಟಿಸಿದ ಎರಡನೇ ಮನೆಗೂ ಇಲ್ಲ. ಇದೇ ನಿಯಮ ಕೊಡಗಿಗೆ ಬಂದರೆ ಬೆಂಗಳೂರಿನಲ್ಲಿದ್ದುಕೊಂಡು ಇಲ್ಲಿ ಮನೆ ಬೀಗ ಹಾಕಿಟ್ಟವರು ಪಟ್ಟಿಯಿಂದ ಹೊರಗೆ. ಫಿಲಡೆಲ್ಫಿಯಾ ನಗರದ ಕ್ರಮವೇ ಬೇರೆ: ತನ್ನ ಪಾಲಿನಲ್ಲಿ ಅದು ಮನೆ ತೆರಿಗೆಯ ಬದಲು ಸಂಬಳದ ಮೇಲಿನ ತೆರಿಗೆ ಇಳಿಸುತ್ತದೆ.

ಇನ್ನು ಮಡಿಕೇರಿಯ ಮಾತು. ಜೂಜಿಗೆ ಅನುಮತಿ ಕೊಡುವುದೂ ಬಿಡುವುದೂ ರಾಜ್ಯಕ್ಕೆ ಸೇರಿದ್ದು, ಸಂವಿಧಾನದ ರಾಜ್ಯಪಟ್ಟಿಯ 34ನೇ ನಮೂದು. ಗೋವಾ ತನ್ನ 1976ರ ಜೂಜು ಕಾಯ್ದೆಯನ್ನು 1992ರಲ್ಲಿ ತಿದ್ದಿ ಪಂಚತಾರಾ ಹೋಟೆಲುಗಳಲ್ಲಿ ಯಂತ್ರಗಳಿಗೆ, 1996ರಲ್ಲಿ ಹಡಗುಗಳಲ್ಲಿ ಆಟಕ್ಕೆ ದಾರಿ ಮಾಡಿತು. ಕರ್ನಾಟಕದಲ್ಲಿ 1963ರ ಪೊಲೀಸ್ ಕಾಯ್ದೆಯ 79 ಮತ್ತು 80ನೇ ಕಲಮುಗಳು ಜೂಜಿನ ಅಡ್ಡೆ ನಡೆಸುವುದನ್ನೂ ಅಲ್ಲಿ ಆಡುವುದನ್ನೂ ಅಪರಾಧ ಎನ್ನುತ್ತವೆ. ಕೌಶಲದ ಆಟಗಳಿಗೆ 176ನೇ ಕಲಮಿನಲ್ಲಿ ವಿನಾಯಿತಿ ಇದೆ. ಕಾಯ್ದೆ ತಿದ್ದದೆ ಕ್ಯಾಸಿನೊ ಇಲ್ಲ. ನಗರಸಭೆ ಠರಾವು ಮಾಡಿದರೆ ಅದು ಕಾಗದದಲ್ಲೇ ಇರುತ್ತದೆ.

ತಿದ್ದಿದರು ಎಂದೇ ಇಟ್ಟುಕೊಳ್ಳೋಣ. ಅಸಲು ತೊಡಕು ಶುರುವಾಗುವುದು ಆಮೇಲೆ. ಜಿಎಸ್‌ಟಿಗೆ ದಾರಿ ಮಾಡಿದ 101ನೇ ತಿದ್ದುಪಡಿಯಲ್ಲಿ ರಾಜ್ಯಪಟ್ಟಿಯ 62ನೇ ನಮೂದಿನಿಂದ ಜೂಜಿನ ತೆರಿಗೆ ಹೊರಬಿತ್ತು. ಈಗ ಕ್ಯಾಸಿನೊಗೆ ಬೀಳುವುದು ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40. ಚಿಪ್ಸ್ (ಆಟದಲ್ಲಿ ಹಣದ ಬದಲು ಹೂಡುವ ಬಿಲ್ಲೆ) ಕೊಳ್ಳಲು ಕೊಟ್ಟ ಹಣದ ಮೇಲೆ ಲೆಕ್ಕ ಹಾಕುತ್ತಾರೆ, ಗೆದ್ದ ಚಿಪ್ಸನ್ನೇ ಮತ್ತೆ ಹೂಡಿದರೆ ಅದಕ್ಕಿಲ್ಲ. ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯದ ಸಂಚಿತ ನಿಧಿಗೆ. ಆ ನಿಧಿಗೆ ಬಿದ್ದ ಮೇಲೆ ಇದು ಮಡಿಕೇರಿಯ ದುಡ್ಡು ಎಂದು ಗುರುತಿಸಲು ಚೀಟಿ ಅಂಟಿಸಿರುವುದಿಲ್ಲ. ರಾಜ್ಯದ ಕೈಯಲ್ಲಿ ಪ್ರತ್ಯೇಕವಾಗಿ ಉಳಿಯುವುದು ಪರವಾನಗಿ ಶುಲ್ಕ ಮಾತ್ರ. ಅದನ್ನು ಇಂತಿಷ್ಟು ಪಾಲು ಸ್ಥಳೀಯ ಸಂಸ್ಥೆಗೆ, ಕಂದಾಯ ಇಳಿಸುವುದಕ್ಕೇ ಎಂದು ಕಾನೂನಿನಲ್ಲಿ ಬರೆಯದಿದ್ದರೆ ಕ್ಯಾಸಿನೊ ಬರುತ್ತದೆ, ಕಂದಾಯ ಇದ್ದಲ್ಲೇ ಇರುತ್ತದೆ. ಬರೆದರೂ ಇನ್ನೊಂದು ಕಿಂಡಿ ಇದೆ: ಈ ಕಡೆಯಿಂದ ಕೊಟ್ಟಷ್ಟನ್ನು ಆ ಕಡೆಯ ಅನುದಾನದಲ್ಲಿ ಮುರಿದುಕೊಳ್ಳುವುದು.

ಪೆನ್ಸಿಲ್ವೇನಿಯಾದ ಶೇ 34ರ ದರವನ್ನೇ ಇಲ್ಲಿಗೆ ತಂದರೂ, ನಿಮ್ಮ ಮನೆಗೆ 500 ರೂಪಾಯಿ ಉಳಿಯಬೇಕಾದರೆ ಯಾರೋ ಸುಮಾರು 1,470 ರೂಪಾಯಿ ಸೋಲಬೇಕು. ಆ ಯಾರೋ ಬೆಂಗಳೂರಿನ ಪ್ರವಾಸಿಗನೇ ಎನ್ನಲು ಖಾತರಿ ಏನು? ತೋಟದಲ್ಲಿ ಬಟವಾಡೆಯಾದ ಸಂಜೆ ಕ್ಯಾಸಿನೊ ಬಾಗಿಲು ತೆರೆದೇ ಇರುತ್ತದಲ್ಲ. ಲೈನ್ ಮನೆಯಲ್ಲಿರುವ ತೋಟದ ಕಾರ್ಮಿಕರ ಹೆಸರಿನಲ್ಲಿ ಮನೆ ಇಲ್ಲ, ಹಾಗಾಗಿ ಅವರಿಗೆ ಕಂದಾಯದ ಉಳಿತಾಯವೂ ಇಲ್ಲ. ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ.

ಪ್ರಶ್ನೆ: ಇಂಥ ಯೋಜನೆ ಬಂದರೆ ಕಾಫಿ ತೋಟದ ಮಾಲೀಕರಿಗೂ ತೆರಿಗೆ ಇಳಿಯುತ್ತದೆಯೇ? – ಓದುಗರು, ಸೋಮವಾರಪೇಟೆ ತಾಲ್ಲೂಕು

ತೋಟದ ನೆಲಕ್ಕೆ ನೀವು ಕಟ್ಟುವುದು ಕಂದಾಯ ಇಲಾಖೆಯ ಭೂಕಂದಾಯ. ಗ್ರಾಮ ಪಂಚಾಯಿತಿಯ ಮನೆ ಕಂದಾಯ ಬೇರೆ. 1993ರ ಪಂಚಾಯತ್ ರಾಜ್ ಕಾಯ್ದೆಯ 199ನೇ ಪ್ರಕರಣದಂತೆ ಅದು ಬೀಳುವುದು ಕಟ್ಟಡಗಳಿಗೆ ಮತ್ತು ಕೃಷಿ ಕಂದಾಯಕ್ಕೆ ಒಳಪಡದ ಜಾಗಕ್ಕೆ. ಆದ್ದರಿಂದ ಇಳಿದರೆ ಮನೆಯ ಮೇಲಿನದು ಇಳಿದೀತು, ತೋಟದ ಮೇಲಿನದಲ್ಲ.

ಬೇಕಾದರೆ ತೋಟಕ್ಕೂ ಕೊಡುವ ಹಾಗೆ ಕಾನೂನು ಬರೆಯಬಹುದು. ಅಮೆರಿಕದ ನೆಬ್ರಾಸ್ಕಾ ಹಾಗೆ ಮಾಡಿದೆ. 2020ರಲ್ಲಿ ಜನಮತದಿಂದ ಕುದುರೆ ರೇಸಿನ ಮೈದಾನಗಳಲ್ಲಿ ಕ್ಯಾಸಿನೊಗೆ ಒಪ್ಪಿಗೆ ಸಿಕ್ಕಿತು. ಆಟದ ಆದಾಯದ ಮೇಲೆ ಶೇ 20 ತೆರಿಗೆ, ಆ ತೆರಿಗೆಯ ಶೇ 70 ಭಾಗ ಆಸ್ತಿ ತೆರಿಗೆ ರಿಯಾಯಿತಿ ನಿಧಿಗೆ. ಜೂಜಿನ ಚಟ ಬಿಡಿಸುವ ನಿಧಿಗೆ ಶೇ 2.5. ಆದರೆ ಅಲ್ಲಿ ರಿಯಾಯಿತಿ ಸಿಗುವುದು ಮನೆಗೆ ಇಷ್ಟೆಂದಲ್ಲ, ಆಸ್ತಿಯ ಮೌಲ್ಯಕ್ಕೆ ತಕ್ಕಂತೆ. ನೂರು ಎಕರೆಯವರಿಗೆ ಹೆಚ್ಚು, ಐದು ಸೆಂಟ್ಸಿನವರಿಗೆ ಚೂರು. ಕೊಡಗಿನಲ್ಲಿ ಇಂಥ ಚರ್ಚೆ ಎದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ಇದು: ಮನೆ ಲೆಕ್ಕವೋ, ಮೌಲ್ಯದ ಲೆಕ್ಕವೋ?

ಪ್ರಶ್ನೆ: ಗಡಿ ದಾಟಿ ತೋಲ್ಪೆಟ್ಟಿಗೆ ಹೋದಾಗ ಕೇರಳ ಲಾಟರಿ ತೆಗೆದುಕೊಳ್ಳುವುದುಂಟು. ಬಹುಮಾನ ಬಂದರೆ ತೆರಿಗೆ ಎಷ್ಟು? ಮಳೆಗೆ ಕಾಫಿ ಉದುರಿ ಆದ ನಷ್ಟವನ್ನು ಅದರಲ್ಲಿ ಕಳೆಯಬಹುದೇ? – ಓದುಗರು, ಕುಟ್ಟ

ಕಳೆಯಲು ಬರುವುದಿಲ್ಲ. ಲಾಟರಿ ಬಹುಮಾನಕ್ಕೆ ನೇರ ಶೇ 30 ಆದಾಯ ತೆರಿಗೆ, ಮೇಲೆ ಸೆಸ್, ಮೊತ್ತ ದೊಡ್ಡದಾದರೆ ಸರ್ಚಾರ್ಜ್. ನಿಮ್ಮ ಉಳಿದ ಆದಾಯ ತೆರಿಗೆ ಮಿತಿಗಿಂತ ಕಡಿಮೆ ಇದ್ದರೂ ಇದು ತಪ್ಪದು. ಟಿಕೆಟಿನ ಖರ್ಚನ್ನೂ ಕಳೆಯುವಂತಿಲ್ಲ, ಯಾವ ನಷ್ಟವನ್ನೂ ಹೊಂದಿಸುವಂತಿಲ್ಲ. 10,000 ರೂಪಾಯಿ ದಾಟಿದ ಬಹುಮಾನದಲ್ಲಿ ತೆರಿಗೆ ಮುರಿದುಕೊಂಡೇ ಕೈಗೆ ಕೊಡುತ್ತಾರೆ. ಟಿಕೆಟನ್ನು ಡ್ರಾ ಆದ 30 ದಿನದೊಳಗೆ ಒಪ್ಪಿಸಬೇಕು. ಪ್ಯಾಂಟಿನ ಜೇಬಿನಲ್ಲಿ ಒಗೆದುಹೋದ ಟಿಕೆಟಿಗೆ ನಮ್ಮಲ್ಲಿ ಮದ್ದಿಲ್ಲ.

ಒಂದು ಎಚ್ಚರಿಕೆ. ಕರ್ನಾಟಕ 2007ರಲ್ಲೇ ಲಾಟರಿ ಮಾರಾಟ ನಿಲ್ಲಿಸಿದೆ. 1998ರ ಕೇಂದ್ರ ಲಾಟರಿ ಕಾಯ್ದೆ ಬೇರೆ ರಾಜ್ಯದ ಟಿಕೆಟುಗಳನ್ನೂ ತಡೆಯಲು ರಾಜ್ಯಕ್ಕೆ ಅಧಿಕಾರ ಕೊಟ್ಟಿದೆ. ಕಂತೆಗಟ್ಟಲೆ ತಂದು ಕುಟ್ಟದ ಅಂಗಡಿಯಲ್ಲಿ ಮಾರಿದರೆ ಪ್ರಕರಣ ಖಂಡಿತ.

ಪ್ರಶ್ನೆ: ಕ್ಯಾಸಿನೊ ಬೇಡ, ಆನ್‌ಲೈನ್ ರಮ್ಮಿಗಾದರೂ ತೆರಿಗೆ ಹಾಕಿ ಊರಿಗೆ ಕೊಡಬಹುದಲ್ಲ? – ಓದುಗರು, ಕುಶಾಲನಗರ

ಆ ದಾರಿಯೂ ಮುಚ್ಚಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ಹಣ ಕಟ್ಟುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುತ್ತದೆ, ಅದು ಕೌಶಲದ ಆಟವೋ ಅದೃಷ್ಟದ ಆಟವೋ ಎಂದು ನೋಡುವುದಿಲ್ಲ.

ಪ್ರಶ್ನೆ: ಇದೆಲ್ಲ ಬರುವಾಗ ಬರಲಿ. ಈಗ ಪಟ್ಟಣದ ಮನೆಗೆ ಕಂದಾಯ ಕಡಿಮೆ ಮಾಡಿಕೊಳ್ಳುವುದು ಹೇಗೆ? – ಓದುಗರು, ವಿರಾಜಪೇಟೆ

ಏಪ್ರಿಲ್‌ನಲ್ಲಿ ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿ. ಜೂನ್ 30ರವರೆಗೆ ದಂಡವಿಲ್ಲ. ಆಮೇಲೆ ತಿಂಗಳಿಗೆ ಶೇ 2. ತೆರಿಗೆ 4,000 ಇದ್ದರೆ ಏಪ್ರಿಲ್‌ನಲ್ಲಿ 3,800, ಡಿಸೆಂಬರ್‌ಗೆ ಎಳೆದರೆ 4,480. ಕೆಲವು ವರ್ಷ ಸರ್ಕಾರ ರಿಯಾಯಿತಿಯ ಅವಧಿ ಮುಂದೂಡುತ್ತದೆ, ಅದನ್ನು ನಂಬಿ ಕೂರಬೇಡಿ.

ಕಟ್ಟುವ ಮೊದಲು ಸ್ವಯಂ ಘೋಷಣೆಯ ನಮೂನೆಯಲ್ಲಿ ಮೂರು ಕಡೆ ಕಣ್ಣಾಡಿಸಿ. ಕಟ್ಟಿದ ವರ್ಷ ತಪ್ಪಿದ್ದರೆ ಹಳೆ ಮನೆಗೆ ಸಿಗಬೇಕಾದ ಸವಕಳಿ ಸಿಗುವುದಿಲ್ಲ. ಬಳಕೆಯ ಕಾಲಂನಲ್ಲಿ, ಎಂದೋ ಅಂಗಡಿ ಮುಚ್ಚಿ ವಾಸಕ್ಕೆ ತಿರುಗಿಸಿದ ಮುಂದಿನ ಕೋಣೆ ಇನ್ನೂ ವಾಣಿಜ್ಯ ಎಂದೇ ಕೂತಿರಬಹುದು. ಮೂರನೆಯದು ಅಳತೆ. ಹೆಂಚು ಇಳಿಸಿ ಆರ್‌ಸಿಸಿ ಮಾಡಿದವರು ಹೊಸ ಅಳತೆಯನ್ನು ಹಳೆಯದರ ಜೊತೆ ಕೂಡಿಸಿಬಿಟ್ಟಿರುತ್ತಾರೆ, ಆಗ ಒಂದೇ ಕೋಣೆಗೆ ಎರಡು ಸಲ ಕಂದಾಯ. ತಪ್ಪು ಕಂಡರೆ ಹಳೆ ರಸೀದಿ, ಖಾತಾ ನಕಲು, ಮನೆಯ ಫೋಟೊ ಲಗತ್ತಿಸಿ ಮುಖ್ಯಾಧಿಕಾರಿಗೆ ಲಿಖಿತ ಅರ್ಜಿ ಕೊಡಿ, ನಕಲಿನ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಬಾಯಿಮಾತಿನ ದೂರು ಟೇಬಲ್ ದಾಟುವುದಿಲ್ಲ.

ರಸೀದಿಯ ಕೆಳಗೆ ಗ್ರಂಥಾಲಯ ಕರ, ಭಿಕ್ಷುಕರ ಕರ ಎಂದು ಬೇರೆ ಸಾಲುಗಳಿರುತ್ತವೆ. ಅವು ಪುರಸಭೆಯ ಗಂಟಲ್ಲ, ವಸೂಲಿ ಮಾತ್ರ ಅದರದ್ದು. ತೆರಿಗೆಯ ಮೇಲೆ ಶೇಕಡಾವಾರು ಹಾಕುವುದರಿಂದ ಮೂಲ ತೆರಿಗೆಯ ತಪ್ಪು ತಿದ್ದಿಸಿದರೆ ಅವೂ ತಾವಾಗಿ ಇಳಿಯುತ್ತವೆ.